ಶಾಲೆಯಲ್ಲಿ ಮಗುವಿಗೆ ದಮ್ಮು ಕಟ್ಟಿದರೆ

ಮಳೆಗಾಲ ಶುರುವಾದರೆ ನಮ್ಮ ಸದಾಶಿವಗಡದ ಕಡೆ ಗೋಡೆಗಳೆಲ್ಲ ಬೂಷ್ಟು ಹಿಡಿಯುತ್ತವೆ. ದಮ್ಮಿನ ಮಕ್ಕಳಿಗೆ ಇದು ಕಷ್ಟದ ಕಾಲ. ಶಾಲೆ ತೆರೆಯುವುದೂ ಆಗಲೇ. ಮನೆಯಲ್ಲಿ ದಮ್ಮು ಬಂದರೆ ಏನು ಮಾಡಬೇಕೆಂದು ತಾಯಿಗೆ ಗೊತ್ತಿರುತ್ತದೆ. ಶಾಲೆಯಲ್ಲಿ ಯಾರಿಗೆ ಗೊತ್ತಿದೆ? ಅಲ್ಲಿ ಪಂಪ್ ಇದೆಯೇ?

ಯುನಾನಿಯಲ್ಲಿ ಈ ರೋಗಕ್ಕೆ ಝೀಕುನ್ನಫಸ್ ಎನ್ನುತ್ತೇವೆ. ಲಊಕ್, ಜೋಶಾಂದ ನಾನೂ ಬರೆದುಕೊಡುತ್ತೇನೆ. ಆದರೆ ದಮ್ಮು ಜೋರಾಗಿ ಕಟ್ಟಿದ ಹೊತ್ತಿನಲ್ಲಿ ಅವು ಯಾವುವೂ ಬೇಡ. ಜೇನು, ಕಷಾಯ, ಎದೆಗೆ ಮುಲಾಮು ತಿಕ್ಕುವುದು ಎಲ್ಲವೂ ಸಮಯ ತಿನ್ನುತ್ತವೆ. ಬಿಗಿದ ಶ್ವಾಸನಾಳವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುವುದು ಸಾಲ್ಬುಟಮಾಲ್ ಇರುವ ನೀಲಿ ಪಂಪ್. ಪಂಪ್ ಚಟವಾಗುತ್ತದೆ ಎಂಬ ಮಾತು ಸುಳ್ಳು. ಆದರೆ ವಾರದಲ್ಲಿ ಎರಡು ದಿನಕ್ಕಿಂತ ಹೆಚ್ಚು ಅದು ಬೇಕಾಗುತ್ತಿದ್ದರೆ ರೋಗ ಹತೋಟಿಯಲ್ಲಿಲ್ಲ, ವೈದ್ಯರಿಗೆ ತೋರಿಸಿ.

ಒಂದು ಪಂಪ್, ಒಂದು ಸ್ಪೇಸರ್ ಶಾಲೆಯಲ್ಲೇ ಇರಲಿ. ಅವಧಿ ಮುಗಿಯುವ ತಾರೀಕು ನೋಡಿ ಕೊಡಿ. ಬೀಗ ಹಾಕಿದ ಕಪಾಟಿನಲ್ಲಿಟ್ಟರೆ ಪ್ರಯೋಜನವಿಲ್ಲ. ಜೊತೆಗೆ ಟೀಚರಿಗೆ ಕನ್ನಡದಲ್ಲಿ ಒಂದು ಚೀಟಿ ಬರೆದುಕೊಡಿ: ಮಗುವನ್ನು ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಪಂಪನ್ನು ಅಲುಗಾಡಿಸಿ ಒಂದು ಸಲ ಒತ್ತಿ, ಸ್ಪೇಸರಿನಿಂದ ನಾಲ್ಕು ಬಾರಿ ಉಸಿರಾಡಿಸಿ. ಹೀಗೆ ಒಂದೊಂದಾಗಿ 4 ಸಲ. 4 ನಿಮಿಷ ಕಾದು ನೋಡಿ. ಕಡಿಮೆಯಾಗದಿದ್ದರೆ 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೂ ಇದನ್ನೇ ಮುಂದುವರಿಸಿ. ಮಾತು ತುಂಡಾಗುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಮಗು ಮಂಕಾದರೆ ಕಾಯದೆ ಮೊದಲೇ ಫೋನ್ ಮಾಡಿ. ಸೀಟಿಯ ಸದ್ದು ನಿಂತಿತು, ಮಗು ಮಾತ್ರ ಇನ್ನೂ ಒದ್ದಾಡುತ್ತಿದೆ ಎಂದಾದರೆ ಅದು ಗುಣವಲ್ಲ, ದೊಡ್ಡ ಅಪಾಯ.

ಸ್ಪೇಸರ್ ಕೊಳ್ಳಲಾಗದವರು ಅರ್ಧ ಲೀಟರಿನ ನೀರಿನ ಬಾಟಲಿಯ ತಳಕ್ಕೆ ಪಂಪಿನ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಮಾಡಿಕೊಳ್ಳಿ. ಮಗು ಬಾಟಲಿಯ ಬಾಯಿಂದ ಉಸಿರೆಳೆಯಲಿ. ಚೆನ್ನಾಗಿಯೇ ಕೆಲಸ ಮಾಡುತ್ತದೆ.

ನಮ್ಮೂರಿನಿಂದ ಕಾರವಾರದ ಜಿಲ್ಲಾಸ್ಪತ್ರೆಗೆ ಕಾಳಿ ನದಿ ದಾಟಬೇಕು. 2024ರ ಆಗಸ್ಟ್ 7ರಂದು ಹಳೆಯ ಸೇತುವೆ ಕುಸಿದದ್ದು ನೆನಪಿದೆಯಲ್ಲ? ಆಸ್ಪತ್ರೆ ತಲುಪುವ ತನಕದ ಚಿಕಿತ್ಸೆ ಟೀಚರ ಕೈಯಲ್ಲೇ ಇದೆ.

ರಮಝಾನಿನಲ್ಲಿ ಉಪವಾಸವಿರುವ ಮಗು ಪಂಪ್ ಬೇಡವೆಂದು ಹಟ ಮಾಡಬಹುದು. ಪ್ರಾಯಕ್ಕೆ ಬಾರದ ಮಕ್ಕಳಿಗೆ ಉಪವಾಸ ಕಡ್ಡಾಯವೇ ಅಲ್ಲ. ದೊಡ್ಡವರಿಗೂ ರೋಗವಿದ್ದಾಗ ಬಿಟ್ಟು ಬೇರೆ ದಿನ ಪೂರೈಸುವ ರಿಯಾಯಿತಿಯನ್ನು ಕುರ್‌ಆನ್ ನೀಡಿದೆ (2:185). ಇದನ್ನು ಮಗುವಿಗೆ ಮೊದಲೇ ಹೇಳಿಡಿ, ಟೀಚರಿಗೂ ತಿಳಿಸಿ.