ರಂಗಶಾಲೆಗೆ ಹೊರಡುವವರ ಬುತ್ತಿ

ಹಳಗನ್ನಡದಲ್ಲಿ ‘ಪೊಱಮಡು’ ಎಂದಿದ್ದ ಕ್ರಿಯಾಪದವೇ ಕಾಲಕ್ರಮದಲ್ಲಿ ಸವೆದು ಇಂದಿನ ‘ಹೊರಡು’ ಆಗಿದೆ. ಹೊರಡುವವನಿಗೆ ಗೊತ್ತಾದ ದಾರಿಯಿದೆ, ಬೀಳ್ಕೊಡುವವರಿದ್ದಾರೆ, ಮರಳಿ ಬಂದರೆ ತೆರೆಯುವ ಬಾಗಿಲಿದೆ. ‘ಓಡಿಹೋಗು’ ಎಂಬ ಮಾತಿನಲ್ಲಿ ಈ ಮೂರೂ ಇಲ್ಲ. ಕನ್ನಡ ನಾಡಿನಲ್ಲಿ ನಾಟಕದ ಹಂಬಲ ಹತ್ತಿದ ಎಷ್ಟೋ ಮಕ್ಕಳು ಬಹುಕಾಲ ಮನೆಯಿಂದ ಓಡಿಯೇ ಹೋದರು. ಇಂದು ಅವರು ಅರ್ಜಿ ಬರೆದು, ಹಿರಿಯರಿಗೆ ನಮಸ್ಕರಿಸಿ ಹೊರಡಬಹುದಾದ ಕಾಲ ಬಂದಿದೆ. ಹಾಗೆ ಅವರನ್ನು ಹೊರಡಿಸುವ ಹೊಣೆ ಮನೆಯದು ಎಷ್ಟೋ ಶಾಲೆಯದೂ ಅಷ್ಟೆ. ಆ ಹೊಣೆಯ ಸ್ವರೂಪವನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಬಿ. ವಿ. ಕಾರಂತರ ಬಾಳು ಇದಕ್ಕೆ ತಕ್ಕ ನಿದರ್ಶನ. ೧೯೨೯ರಲ್ಲಿ ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ಮನೆ ಬಿಟ್ಟು ಗುಬ್ಬಿ ಕಂಪನಿಯನ್ನು ಸೇರಿದರು. ೧೮೮೪ರಲ್ಲಿ ಗುಬ್ಬಿಯಲ್ಲಿ ಆರಂಭವಾದ ಆ ನಾಟಕ ಸಂಘ ಅನೇಕ ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟ ಸಂಸ್ಥೆ. ಗುಬ್ಬಿ ವೀರಣ್ಣನವರು ಆ ಹುಡುಗನಿಗೆ ಪಾತ್ರ ಕೊಟ್ಟು ಸುಮ್ಮನಾಗಲಿಲ್ಲ. ಹೆಚ್ಚಿನ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿದರು. ಓಡಿಬಂದವನನ್ನು ಹೊರಟವನನ್ನಾಗಿ ಮಾಡಿದ ಕೀರ್ತಿ ವೀರಣ್ಣನವರಿಗೆ ಸಲ್ಲಬೇಕು. ಕಾರಂತರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ೧೯೭೭ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು. ೧೯೮೯ರಲ್ಲಿ ನಮ್ಮ ಮೈಸೂರಿಗೇ ಬಂದು ರಂಗಾಯಣವನ್ನು ಕಟ್ಟಿದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರೂ ದೆಹಲಿಯ ಅದೇ ಶಾಲೆಯಲ್ಲಿ ಕಲಿತು ಕನ್ನಡ ರಂಗಭೂಮಿಗೆ ಮರಳಿದವರು. ಹೆಣ್ಣುಮಕ್ಕಳನ್ನು ದೂರ ಕಳುಹಿಸಲು ಅಂಜುವ ಮನೆಗಳು ಇದನ್ನು ನೆನೆಯಬೇಕು.

ನಟನೆಯನ್ನು ಹಗುರವಾಗಿ ಕಾಣುವುದು ಶರಣ ಪರಂಪರೆಗೆ ಒಪ್ಪುವ ಮಾತಲ್ಲ. ಹನ್ನೆರಡನೆಯ ಶತಮಾನದ ಬಹುರೂಪಿ ಚೌಡಯ್ಯನವರಿಗೆ ವೇಷ ಹಾಕಿ ಆಡುವುದೇ ಕಾಯಕ. ನಗೆಯ ಮಾರಿತಂದೆಗಳಿಗೆ ಜನರನ್ನು ನಗಿಸುವುದೇ ಕಾಯಕ. ಇವರು ಉಳಿದ ಕಾಯಕದವರೊಡನೆ ಸರಿಸಮನಾಗಿ ಕುಳಿತು ವಚನ ರಚಿಸಿದವರು. ಆದರೆ ಕಾಯಕವೆಂದ ಮೇಲೆ ಅದಕ್ಕೆ ನಿಯಮವಿದೆ, ಶ್ರಮವಿದೆ, ಲೆಕ್ಕವಿದೆ. ಬಣ್ಣದ ಮೋಹವೊಂದೇ ಕಾಯಕವಾಗಲಾರದೆಂಬುದನ್ನೂ ಮಕ್ಕಳಿಗೆ ತಿಳಿಸಬೇಕು.

ತೆರೆದಿರುವ ಬಾಗಿಲುಗಳು

ಸಿದ್ಧಾರ್ಥನಗರದ ವಿದ್ಯಾರ್ಥಿಗೆ ಮೊದಲ ಬಾಗಿಲು ಇದೇ ಊರಿನಲ್ಲಿದೆ. ಚಾಮುಂಡಿ ಬೆಟ್ಟದ ತಪ್ಪಲಿನ ನಮ್ಮ ಬಡಾವಣೆಯಿಂದ ನಗರವನ್ನು ದಾಟಿದರೆ ಕಲಾಮಂದಿರದ ಆವರಣದಲ್ಲಿ ರಂಗಾಯಣ ಸಿಗುತ್ತದೆ. ಅಲ್ಲಿಯ ಚಿಣ್ಣರ ಮೇಳ, ಬಹುರೂಪಿ ನಾಟಕೋತ್ಸವ, ರಂಗಶಿಕ್ಷಣ ಕೇಂದ್ರ ಇವೆಲ್ಲ ಮನೆಯಲ್ಲೇ ಇದ್ದು ಆಸಕ್ತಿಯನ್ನು ಪರೀಕ್ಷಿಸಿಕೊಳ್ಳಲು ಅನುಕೂಲವಾದವು.

ಎರಡನೆಯದು ಸಾಗರ ತಾಲ್ಲೂಕಿನ ಹೆಗ್ಗೋಡು. ಕೆ. ವಿ. ಸುಬ್ಬಣ್ಣನವರ ನೀನಾಸಂ ಸಂಸ್ಥೆ ೧೯೮೦ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಹಳ್ಳಿಯಲ್ಲೇ ವಾಸವಿದ್ದು ಕನ್ನಡದಲ್ಲೇ ಒಂದು ವರ್ಷ ಕಲಿಯುವ ವ್ಯವಸ್ಥೆ ಅಲ್ಲಿಯದು. ಮೂರನೆಯದು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ. ಮಠವೊಂದು ರಂಗಶಾಲೆಯನ್ನು ನಡೆಸುತ್ತ, ೧೯೯೭ರಿಂದ ಶಿವಸಂಚಾರವೆಂಬ ತಿರುಗಾಟದ ತಂಡವನ್ನೂ ಸಾಕಿಕೊಂಡು ಬಂದಿರುವುದು ಮಠದ ಶಾಲೆಯವರಾದ ನಮಗೆ ವಿಶೇಷ ಗೌರವದ ಸಂಗತಿ. ನಾಲ್ಕನೆಯದು ೧೯೫೯ರಲ್ಲಿ ಸ್ಥಾಪಿತವಾದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ಅಲ್ಲಿಯ ವ್ಯಾಸಂಗ ಮೂರು ವರ್ಷಗಳದು. ಅದೇ ಶಾಲೆಯ ಒಂದು ಕೇಂದ್ರ ಬೆಂಗಳೂರಿನಲ್ಲೂ ಇದೆ.

ಅರ್ಜಿ ಮತ್ತು ಪರೀಕ್ಷೆ

ಅರ್ಜಿಗೆ ನಮ್ಮ ಹಳೆಯ ಮಾತು ‘ಬಿನ್ನಹ’. ವಿಜ್ಞಾಪನೆಯ ತದ್ಭವವಾದ ಈ ಶಬ್ದದ ಮೂಲಾರ್ಥ ತಿಳಿಯಪಡಿಸುವುದು, ಬೇಡುವುದಲ್ಲ. ತಾನು ಯಾರು, ಏನನ್ನು ಆಡಿದ್ದೇನೆ, ಏನನ್ನು ಕಲಿಯಬೇಕೆಂದಿದ್ದೇನೆ ಎಂಬುದನ್ನು ಉಳ್ಳದ್ದು ಉಳ್ಳಂತೆ ತಿಳಿಸುವುದೇ ಒಳ್ಳೆಯ ಅರ್ಜಿ. ವಯಸ್ಸು, ವಿದ್ಯಾರ್ಹತೆ, ಕೊನೆಯ ದಿನಾಂಕ ಮುಂತಾದವನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳತಕ್ಕದ್ದು. ಹಿಂದಿನ ವರ್ಷದ ವಿದ್ಯಾರ್ಥಿಯ ಮಾತನ್ನು ನಂಬಿ ಕೂರಬಾರದು.

ದೆಹಲಿಯ ಮೂರು ವರ್ಷದ ವ್ಯಾಸಂಗಕ್ಕೆ ಪದವಿ ಬೇಕು. ಹಲವು ನಾಟಕಗಳಲ್ಲಿ ಭಾಗವಹಿಸಿದ ಆಧಾರ ಬೇಕು. ಹಿಂದಿ ಮತ್ತು ಇಂಗ್ಲಿಷಿನ ವ್ಯವಹಾರಜ್ಞಾನವೂ ಬೇಕು. ಆದುದರಿಂದ ‘ಮೊದಲು ಪದವಿ ಮುಗಿಸು’ ಎಂಬ ತಂದೆಯ ಮಾತಿಗೂ ‘ನಾಟಕ ಕಲಿಯುತ್ತೇನೆ’ ಎಂಬ ಮಗನ ಮಾತಿಗೂ ಅನೇಕರು ಭಾವಿಸುವಷ್ಟು ವಿರೋಧವಿಲ್ಲ. ಪದವಿಯ ವರ್ಷಗಳಲ್ಲೇ ಆಡಿದ ಪ್ರತಿ ನಾಟಕದ ಕರಪತ್ರ, ಭಾವಚಿತ್ರ, ಪ್ರಮಾಣಪತ್ರಗಳನ್ನು ಒಂದೆಡೆ ಜೋಡಿಸಿಟ್ಟುಕೊಂಡರೆ ಮುಂದೆ ತಡಕಾಡಬೇಕಾಗಿಲ್ಲ. ಆಡದ ನಾಟಕಕ್ಕೆ ಪ್ರಮಾಣಪತ್ರ ಬರೆದುಕೊಡುವ ಉಪಾಧ್ಯಾಯನು ಶಿಷ್ಯನಿಗೆ ಉಪಕಾರ ಮಾಡುವುದಿಲ್ಲ. ರಂಗದ ಮೇಲೆ ನಿಂತ ಮೊದಲ ಗಳಿಗೆಯಲ್ಲೇ ಕಾಗದದ ಸುಳ್ಳು ಬಯಲಾಗುತ್ತದೆ.

ಪರೀಕ್ಷೆಯಲ್ಲಿ ಒಂದು ಭಾಗವನ್ನು ಅಭಿನಯಿಸಿ ತೋರಿಸಬೇಕಾಗುತ್ತದೆ, ಅನಂತರ ಪ್ರಶ್ನೆಗಳಿರುತ್ತವೆ. ದೆಹಲಿಯ ಆಯ್ಕೆ ಎರಡು ಹಂತಗಳದು. ಮೊದಲ ಹಂತದಲ್ಲಿ ಉಳಿದವರು ದೆಹಲಿಗೆ ಹೋಗಿ ಕೆಲವು ದಿನಗಳ ಶಿಬಿರದಲ್ಲಿ ಭಾಗವಹಿಸಬೇಕು. ಪ್ರಶ್ನೆಗಳಿಗೆ ಮಕ್ಕಳು ಹೆದರುತ್ತಾರೆ. ಉಡುತಡಿಯಿಂದ ಹೊರಟು ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಹೇಗೆ ಪ್ರಶ್ನಿಸಿದರೆಂಬುದು ಶೂನ್ಯಸಂಪಾದನೆಯನ್ನು ಓದಿದವರಿಗೆ ವಿದಿತವೇ ಆಗಿದೆ. ಆ ಪ್ರಸಂಗದ ಎತ್ತರಕ್ಕೆ ಲೌಕಿಕ ಪರೀಕ್ಷೆಯನ್ನು ಹೋಲಿಸುವುದು ಸಲ್ಲದು. ಆದರೂ ಒಂದು ಮಾತನ್ನು ಅಲ್ಲಿಂದ ಕಲಿಯಬಹುದು. ಕಠಿಣವಾದ ಪ್ರಶ್ನೆ ಬಂದವರನ್ನು ಹಿಂದಕ್ಕೆ ಅಟ್ಟುವುದಕ್ಕೆ ಅಲ್ಲ, ಬಂದವರು ಯಾರೆಂದು ಅರಿಯುವುದಕ್ಕೆ. ‘ಏಕೆ ಬಂದೆ?’ ಎಂದು ಕೇಳಿದಾಗ ಬಾಯಿಪಾಠದ ಉತ್ತರ ಹೇಳುವವನಿಗಿಂತ ಒಂದು ಕ್ಷಣ ಯೋಚಿಸಿ ನಿಜ ಹೇಳುವವನು ಮೇಲು.

ನುಡಿಯ ಸಿದ್ಧತೆ

ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ಭರತಮುನಿ ಹೇಳಿದ ನಾಲ್ಕು ಅಭಿನಯಗಳಲ್ಲಿ ವಾಚಿಕದ ತಳಹದಿಯನ್ನು ಹಾಕಬೇಕಾದವರು ಭಾಷಾ ಅಧ್ಯಾಪಕರಾದ ನಾವು. ನಮ್ಮ ಸೀಮೆಯ ಎಷ್ಟೋ ಮಕ್ಕಳ ಬಾಯಲ್ಲಿ ‘ಹಾಲು’ ‘ಆಲು’ ಆಗುತ್ತದೆ, ‘ಆದರ’ ‘ಹಾದರ’ವಾಗಿ ಅನರ್ಥವನ್ನೇ ತರುತ್ತದೆ; ಶಕಾರ ಸಕಾರಗಳು ಒಂದಾಗುತ್ತವೆ; ಮಹಾಪ್ರಾಣ ಅಳಿಯುತ್ತದೆ. ದಿನಕ್ಕೆ ಒಂದು ಪುಟ ಗದ್ಯವನ್ನೂ ಒಂದು ಷಟ್ಪದಿಯನ್ನೂ ಗಟ್ಟಿಯಾಗಿ ಓದಿಸಿದರೆ ಆರು ತಿಂಗಳಲ್ಲಿ ನಾಲಗೆ ತಿದ್ದುತ್ತದೆ. ಪದ್ಯವನ್ನು ಓದುವಾಗ ಉಸಿರು ಎಲ್ಲಿ ನಿಲ್ಲಬೇಕು, ಅರ್ಥ ಎಲ್ಲಿ ನಿಲ್ಲಬೇಕು ಎಂಬ ಗಮಕದ ಶಿಸ್ತು ನಟನಿಗೆ ಬಾಳಿನುದ್ದಕ್ಕೂ ಉಪಯೋಗಕ್ಕೆ ಬರುತ್ತದೆ. ಅಭಿನಯಿಸಲು ಆರಿಸಿಕೊಂಡ ಭಾಗದಲ್ಲಿ ಈ ಮಾತನ್ನು ಯಾರು, ಯಾರಿಗೆ, ಏನನ್ನು ಪಡೆಯಲು ಆಡುತ್ತಿದ್ದಾರೆಂದು ಮೊದಲು ತಿಳಿಯಬೇಕು, ಕಂಠಪಾಠ ಆಮೇಲಿನದು.

ಹಾಗೆಂದು ಮನೆಯ ಮಾತನ್ನು ಹೀಗಳೆಯಬಾರದು. ಅಜ್ಜಿಯಾಡುವ ‘ಐತೆ’ಯೂ ಗ್ರಂಥದ ‘ಇದೆ’ಯೂ ನಟನ ಸಂಚಿಯಲ್ಲಿ ಬೇರೆಬೇರೆ ಉಳಿಗಳು, ಯಾವುದನ್ನು ಯಾವಾಗ ಹಿಡಿಯಬೇಕೆಂಬ ವಿವೇಕವೇ ಕಲಿಕೆ. ಕಾರಂತರು ೧೯೭೯ರಲ್ಲಿ ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು ‘ಬರ್ನಮ್ ವನ’ವೆಂಬ ಹೆಸರಿನಲ್ಲಿ ದೆಹಲಿಯಲ್ಲಿ ಹಿಂದಿಯಲ್ಲಿ ಆಡಿಸಿದಾಗ ಅದಕ್ಕೆ ಕೊಟ್ಟ ನಡೆ ತಮ್ಮ ಕರಾವಳಿಯ ಯಕ್ಷಗಾನದ್ದು. ಹುಟ್ಟಿದ ಮನೆಯನ್ನು ಎಂದೋ ಬಿಟ್ಟವರು ಮನೆಯ ಕಲೆಯನ್ನು ಬಿಟ್ಟಿರಲಿಲ್ಲ. ದೂರ ಹೋಗುವ ಮಗುವಿಗೆ ಕಟ್ಟಿಕೊಡಬೇಕಾದ ನಿಜವಾದ ಬುತ್ತಿ ಇದು: ತನ್ನ ನುಡಿ, ತನ್ನ ಊರಿನ ಹಾಡು, ತಾನು ಕಂಡ ಜನರ ನಡೆ. ಇವನ್ನು ಹೊತ್ತು ಹೋದವನು ಎಲ್ಲಿಯೂ ಬರಿಗೈಯವನಲ್ಲ.

ಮನೆಯ ಸಿದ್ಧತೆ

ರಂಗಶಾಲೆಯಲ್ಲಿ ನಟನೇ ನೆಲ ಗುಡಿಸುತ್ತಾನೆ, ಪರಿಕರ ಹೊರುತ್ತಾನೆ. ಇದಕ್ಕೆ ಅಭ್ಯಾಸ ಮನೆಯಲ್ಲೇ ಆಗಬೇಕು. ಹೊರಡುವುದಕ್ಕೆ ಒಂದು ವರ್ಷ ಮೊದಲಿನಿಂದಲೇ ಮಗು ತನ್ನ ಬಟ್ಟೆ ತಾನು ಒಗೆಯಲಿ, ಅನ್ನ ಸಾರು ಮಾಡಲು ಕಲಿಯಲಿ, ತಿಂಗಳ ಖರ್ಚಿನ ಲೆಕ್ಕ ಬರೆಯಲಿ. ಹೆಗ್ಗೋಡಿನ ಮಳೆಗೆ ಕೊಡೆ ಕಂಬಳಿಗಳು ಬೇಕು. ದೆಹಲಿಯ ಮಾಗಿಗೆ ಉಣ್ಣೆಯ ಬಟ್ಟೆ ಬೇಕು. ಮೈಸೂರಿನಿಂದ ತಾಳಗುಪ್ಪದ ರೈಲು ಹತ್ತಿದರೆ ಸಾಗರದಲ್ಲಿ ಇಳಿಯಬಹುದು. ತಾಯಿತಂದೆಯರು ಒಮ್ಮೆ ಜೊತೆಗೆ ಹೋಗಿ ಮಗು ಇರುವ ಜಾಗವನ್ನು ಕಂಡು ಬಂದರೆ ಅರ್ಧ ಆತಂಕ ಕಳೆಯುತ್ತದೆ.

ಹೊಟ್ಟೆಪಾಡಿನ ಪ್ರಶ್ನೆಯನ್ನು ಮುಚ್ಚಿಡಬಾರದು. ರಂಗಶಿಕ್ಷಣ ಪಡೆದವರಿಗೆಲ್ಲ ನಟನೆಯಿಂದಲೇ ಜೀವನ ಸಾಗುವುದಿಲ್ಲ. ತಿರುಗಾಟದ ತಂಡಗಳನ್ನು ಸೇರಿದವರಿದ್ದಾರೆ, ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರಾದವರಿದ್ದಾರೆ, ಬೇರೆ ಉದ್ಯೋಗ ಹಿಡಿದು ಸಂಜೆಗೆ ರಂಗದ ಸೇವೆ ಮಾಡುವವರೂ ಇದ್ದಾರೆ. ಇದನ್ನು ತಿಳಿದು ಹೊರಟವನು ಮುಂದೆ ಯಾರನ್ನೂ ದೂರುವುದಿಲ್ಲ.

ಇನ್ನೊಂದು ಮಾತು. ದೆಹಲಿಯ ಶಾಲೆ ಇಡೀ ದೇಶದಿಂದ ವರ್ಷಕ್ಕೆ ಆರಿಸಿಕೊಳ್ಳುವುದು ಸುಮಾರು ಮೂವತ್ತು ಜನರನ್ನು. ಆದುದರಿಂದ ಹೋದವರಲ್ಲಿ ಹೆಚ್ಚಿನವರು ಹಿಂದಿರುಗುತ್ತಾರೆ. ಹಾಗೆ ಹಿಂದಿರುಗಿದ ದಿನ ಮನೆಯವರು ‘ನಾವು ಮೊದಲೇ ಹೇಳಿದ್ದೆವು’ ಎಂದರೆ ಆ ಮಗು ಮುಂದಿನ ಸಲ ಹೊರಡುವುದಿಲ್ಲ, ಓಡಿಹೋಗುತ್ತದೆ. ‘ಊಟ ಮಾಡು, ನಾಳೆ ಮಾತನಾಡೋಣ’ ಎಂದರೆ ಸಾಕು.

ಈ ಸಂಚಿಕೆಯನ್ನು ಓದುವ ಹಿರಿಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಒಂದು ಬಿನ್ನಹವಿದೆ. ಕಟ್ಟಡಕ್ಕೂ ಪೀಠೋಪಕರಣಕ್ಕೂ ತಾವು ಕೊಡುತ್ತ ಬಂದಿರುವಂತೆಯೇ, ರಂಗಶಾಲೆಯ ಪರೀಕ್ಷೆಗೆ ಹೋಗುವ ಬಡ ವಿದ್ಯಾರ್ಥಿಯ ಹೋಗಿಬರುವ ರೈಲು ದರಕ್ಕೆ ಒಂದು ಸಣ್ಣ ನಿಧಿಯನ್ನು ಏರ್ಪಡಿಸಬಹುದು. ಅದು ಆಯ್ಕೆಯಾದವರಿಗೆ ಕೊಡುವ ಬಹುಮಾನವಾಗದೆ, ಹೊರಡುವವರೆಲ್ಲರಿಗೂ ಕೊಡುವ ಬುತ್ತಿಯಾಗಬೇಕು. ಆಯ್ಕೆಯಾಗದವರಿಂದ ಅದನ್ನು ಮರಳಿ ಕೇಳಬಾರದು. ಕಾಶಿಗೆ ಹುಡುಗನನ್ನು ಕಳುಹಿಸಿದಾಗ ವೀರಣ್ಣನವರು ಫಲವನ್ನು ಮೊದಲೇ ಕಂಡಿರಲಿಲ್ಲ. ಆ ಫಲವನ್ನು ದಶಕಗಳ ಅನಂತರ ಉಂಡವರು ಮೈಸೂರಿನವರಾದ ನಾವು.