ಹಾಲಿ ಸಿಕ್ಕಾ ನೋಟುಗಳ ಸಂಗ್ರಹ: ವರ್ತಕರು ಅರಿಯಬೇಕಾದ ಅಂಶಗಳು

ಯಾದಗಿರಿ, ಶಹಾಪುರ, ಸುರಪುರ, ಅಬ್ಬೆತುಮಕೂರು ಮುಂತಾದ ಊರುಗಳ ಹಳೆಯ ಮನೆತನಗಳ ಕೀರ್ದಿ ಪುಸ್ತಕಗಳಲ್ಲಿ 'ಹಾಲಿ' ಮತ್ತು 'ಕಲ್ದಾರ್' ಎಂಬ ಎರಡು ಪದಗಳು ಕಂಡುಬರುತ್ತವೆ. ಹಾಲಿ ಎಂದರೆ ನಿಜಾಮ್ ಸರ್ಕಾರದ ರೂಪಾಯಿ. ಕಲ್ದಾರ್ ಎಂದರೆ ಬ್ರಿಟಿಷ್ ಭಾರತದ ರೂಪಾಯಿ. ಇಂತಹ ಪುಸ್ತಕಗಳನ್ನು, ಅವುಗಳ ನಡುವೆ ಉಳಿದ ನೋಟುಗಳನ್ನು ರದ್ದಿಗೆ ಹಾಕುವ ಮುನ್ನ ವರ್ತಕ ಬಂಧುಗಳು ಯೋಚಿಸಬೇಕು.

ಹೈದರಾಬಾದ್ ಸಂಸ್ಥಾನವು 1918ರ ಕಾಯಿದೆಯನ್ವಯ ಮೊದಲು 100 ಮತ್ತು 10 ರೂಪಾಯಿಗಳ, 1919ರಲ್ಲಿ 1 ಮತ್ತು 5 ರೂಪಾಯಿಗಳ, 1926ರಲ್ಲಿ 1000 ರೂಪಾಯಿಯ ನೋಟುಗಳನ್ನು ಹೊರಡಿಸಿತು. ಪ್ರಧಾನ ಭಾಷೆ ಉರ್ದು; ಮೌಲ್ಯವನ್ನು ಕನ್ನಡ, ತೆಲುಗು, ಮರಾಠಿ, ಇಂಗ್ಲಿಷ್‌ಗಳಲ್ಲಿಯೂ ನಮೂದಿಸಲಾಗಿತ್ತು. ವರ್ಷವು ಫಸಲಿ ಶಕೆಯದು. ಅದಕ್ಕೆ 590 ಕೂಡಿಸಿದರೆ ಸುಮಾರಾಗಿ ಕ್ರಿಸ್ತಶಕ ದೊರೆಯುತ್ತದೆ.

ಈ ನಾಣ್ಯಪದ್ಧತಿ ಭಾರತೀಯ ರೂಪಾಯಿಯಲ್ಲಿ ವಿಲೀನವಾದಾಗ ವಿನಿಮಯ ದರ 7 ಹಾಲಿಗೆ 6 ರೂಪಾಯಿ. ಅಂದರೆ ಖಾತೆಯಲ್ಲಿನ 350 ಹಾಲಿಯ ಬಾಕಿ 300 ರೂಪಾಯಿಗೆ ಸಮ. 1959ರಲ್ಲಿ ಹಾಲಿಯ ಚಲಾವಣೆ ಸಂಪೂರ್ಣ ರದ್ದಾಯಿತು. ಆದ್ದರಿಂದ ಈ ನೋಟಿಗೆ ಇಂದು ಮುಖಬೆಲೆಯಿಲ್ಲ. ಸಂಗ್ರಹಮೌಲ್ಯ ಮಾತ್ರ ಉಂಟು.

ಆ ಮೌಲ್ಯವು ನೋಟಿನ ಸ್ಥಿತಿ, ಸಹಿ, ವಿರಳತೆ ಹಾಗೂ ಪೂರ್ವೇತಿಹಾಸವನ್ನು ಅವಲಂಬಿಸಿದೆ. 1922ರಲ್ಲಿ ಫ್ರಾನ್ಸ್ ಕರಾವಳಿಯ ಬಳಿ ಮುಳುಗಿದ 'ಈಜಿಪ್ಟ್' ಹಡಗಿನಿಂದ ಮೇಲೆತ್ತಿದ ಹೈದರಾಬಾದ್ ನೋಟುಗಳು ನೀರಿನಲ್ಲಿ ನೆನೆದಿದ್ದರೂ ಆ ಇತಿಹಾಸದಿಂದಲೇ ಬೇಡಿಕೆ ಪಡೆದಿವೆ. ಅಮೆರಿಕದಲ್ಲಿ 1863ರಿಂದ 1935ರವರೆಗೆ ಸ್ಥಳೀಯ ಬ್ಯಾಂಕುಗಳು ಹೊರಡಿಸಿದ ನೋಟುಗಳ ಮೇಲೆ ಊರಿನ ಹೆಸರಿರುತ್ತಿತ್ತು; ಜನ ತಮ್ಮ ಊರಿನ ನೋಟನ್ನೇ ಅರಸುತ್ತಾರೆ. ನಮ್ಮ ನೋಟಿನ ಮೇಲೆ ಊರಿನ ಹೆಸರಿಲ್ಲ. ಅದನ್ನು ಹೇಳಬಲ್ಲದ್ದು ಜೊತೆಗಿರುವ ಕೀರ್ದಿ ಪುಸ್ತಕ ಮಾತ್ರ. ಎರಡನ್ನೂ ಬೇರ್ಪಡಿಸಿ ಮಾರುವುದು ನಷ್ಟ.

ಗಮನಿಸಬೇಕಾದ ಸೂಚನೆಗಳು:

1. ನೋಟನ್ನು ತೊಳೆಯುವುದು, ಇಸ್ತ್ರಿ ಮಾಡುವುದು, ಲ್ಯಾಮಿನೇಷನ್ ಮಾಡಿಸುವುದು ಸಲ್ಲದು.

2. ಕೊಂಡಾಗ ರಸೀದಿ ಪಡೆಯಿರಿ. ಪಿತ್ರಾರ್ಜಿತವಾದರೆ ಯಾರಿಂದ ಬಂದಿತೆಂದು ಬರೆದಿಡಿ. ಮುಂದೆ ಮಾರಿದಾಗ ತೆರಿಗೆ ಲೆಕ್ಕಕ್ಕೆ ಇದೇ ಆಧಾರ.

3. 2016ರಲ್ಲಿ ರದ್ದಾದ 500, 1000 ರೂಪಾಯಿ ನೋಟುಗಳ ವಿಷಯ ಬೇರೆ. 2017ರ ಕಾಯಿದೆಯಂತೆ ಸಾಮಾನ್ಯವಾಗಿ 10, ಅಧ್ಯಯನ ಅಥವಾ ಸಂಗ್ರಹಕ್ಕಾಗಿ 25ಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ.

ಲೆಕ್ಕಪುಸ್ತಕವನ್ನು ಕಾಯ್ದಿಡುವುದು ವರ್ತಕನ ಧರ್ಮ. ಅಜ್ಜನ ಕಾಲದ ಪುಸ್ತಕಕ್ಕೂ ಈ ಮಾತು ಅನ್ವಯಿಸುತ್ತದೆ.