ಪೀಚ್ ಹಣ್ಣಿನ ಪಾಕ ಮತ್ತು ಹುಳಿಯ ಲೆಕ್ಕ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬೇಸಗೆಯೆಂದರೆ ಪೀಚ್ ಹಣ್ಣಿನ ಸುಗ್ಗಿ. ಜಾರ್ಜಿಯ, ದಕ್ಷಿಣ ಕ್ಯಾರೊಲೈನ, ಕ್ಯಾಲಿಫೋರ್ನಿಯ ಮೊದಲಾದ ರಾಜ್ಯಗಳ ತೋಟಗಳಿಂದ ಬುಟ್ಟಿಗಟ್ಟಲೆ ಹಣ್ಣು ಮನೆಗಳಿಗೆ ಬರುತ್ತದೆ. ಮಾವಿನ ಕಾಲದಲ್ಲಿ ನಮ್ಮ ಅಡುಗೆಮನೆಗಳಲ್ಲಿ ಕಾಣುವ ಗಡಿಬಿಡಿಯೇ ಆಗ ಅಲ್ಲಿಯೂ ಕಾಣುತ್ತದೆ. ತಿಂದು ಮಿಕ್ಕ ಹಣ್ಣನ್ನು ಹಿಟ್ಟಿನ ಹೊದಿಕೆಯೊಳಗಿಟ್ಟು ಒಲೆಗೂಡಿನಲ್ಲಿ ಬೇಯಿಸಿ ‘ಪೈ’ ಮಾಡುತ್ತಾರೆ. ಸಕ್ಕರೆಯೊಡನೆ ಕುದಿಸಿ ಜ್ಯಾಮ್ ಮಾಡುತ್ತಾರೆ. ಪಾಕದಲ್ಲಿ ಮುಳುಗಿಸಿ ಗಾಜಿನ ಜಾಡಿಗಳಲ್ಲಿ ಮುಚ್ಚಿ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಾರೆ. ಈ ಜಾಡಿಯ ವಿಷಯದಲ್ಲಿ ಒಂದು ವಿಚಿತ್ರವುಂಟು. ಹಳದಿ ತಿರುಳಿನ ಪೀಚನ್ನು ಜಾಡಿಯಲ್ಲಿ ತುಂಬಿ, ಕುದಿಯುವ ನೀರಿನಲ್ಲಿಟ್ಟು ತೆಗೆದು, ತಿಂಗಳುಗಟ್ಟಲೆ ಇಡಬಹುದು. ಬಿಳಿ ತಿರುಳಿನ ಪೀಚನ್ನು ಮಾತ್ರ ಹಾಗೆ ಇಡಕೂಡದೆಂದು ಆ ದೇಶದ ಆಹಾರ ಸಂರಕ್ಷಣೆಯ ತಜ್ಞರು ಕಟ್ಟುನಿಟ್ಟಾಗಿ ಹೇಳುತ್ತಾರೆ. ಎರಡೂ ಒಂದೇ ಸಸ್ಯಜಾತಿಯ ಹಣ್ಣುಗಳು. ರುಚಿಯಲ್ಲಿ ಬಿಳಿಯದು ಇನ್ನೂ ಸಿಹಿ. ಹೀಗಿರುವಾಗ ಈ ಭೇದವೇಕೆ? ಇದಕ್ಕೆ ಉತ್ತರ ಬೇಕಾದರೆ ಹಣ್ಣನ್ನು ಬುಟ್ಟಿಯಿಂದ ಜಾಡಿಯವರೆಗೂ ಹಿಂಬಾಲಿಸಬೇಕಾಗುತ್ತದೆ.

ಸಸ್ಯವಿಜ್ಞಾನಿಗಳು ಪೀಚ್ ಮರಕ್ಕೆ ಪ್ರೂನಸ್ ಪರ್ಸಿಕ ಎಂದು ಹೆಸರಿಟ್ಟಿದ್ದಾರೆ. ‘ಪರ್ಸಿಕ’ ಎಂದರೆ ಪರ್ಷಿಯ ದೇಶದ್ದು. ಆದರೆ ಇದರ ನಿಜವಾದ ತವರು ಚೀನಾ. ಪರ್ಷಿಯದ ಮೂಲಕ ಯೂರೋಪನ್ನು ಸೇರಿದುದರಿಂದ ದಾರಿಯಲ್ಲಿ ಸಿಕ್ಕ ಊರಿನ ಹೆಸರೇ ಅಂಟಿಕೊಂಡಿತು. ಬಾದಾಮಿ ಇದರ ಹತ್ತಿರದ ನೆಂಟ. ಪೀಚಿನ ಓಟೆಯನ್ನು ಒಡೆದರೆ ಬಾದಾಮಿಯಂತಹ ಬೀಜವೇ ಸಿಗುತ್ತದೆ. ಆದರೆ ಅದನ್ನು ತಿನ್ನಬಾರದು. ಅದರಲ್ಲಿರುವ ಅಮಿಗ್ಡಲಿನ್ ಎಂಬ ವಸ್ತುವಿನಿಂದ ಹೈಡ್ರೊಜನ್ ಸಯನೈಡ್ ಎಂಬ ಘೋರ ವಿಷ ಹುಟ್ಟುತ್ತದೆ. ನಮ್ಮ ದೇಶದಲ್ಲಿ ಪೀಚ್ ಬೆಳೆಯುವುದು ಮುಖ್ಯವಾಗಿ ಹಿಮಾಚಲ ಪ್ರದೇಶ, ಉತ್ತರಾಖಂಡಗಳಂತಹ ತಂಪು ಬೆಟ್ಟನಾಡುಗಳಲ್ಲಿ. ಬೇಸಗೆಯ ಕೆಲವು ವಾರ ಬೆಂಗಳೂರಿನ ಅಂಗಡಿಗಳಲ್ಲಿಯೂ ಇದು ಕಾಣಸಿಗುತ್ತದೆ.

ಹಣ್ಣನ್ನು ಆರಿಸುವಾಗ ಕೆಂಪು ಬಣ್ಣವನ್ನು ನಂಬಬೇಡಿರಿ. ಕೆನ್ನೆಯ ಕೆಂಪು ತಳಿಯನ್ನೂ ಬಿಸಿಲನ್ನೂ ಅವಲಂಬಿಸಿದುದು. ಮಾಗಿರುವುದಕ್ಕೆ ಅದು ಸಾಕ್ಷಿಯಲ್ಲ. ಕೆಂಪಿನ ಹಿಂದಿರುವ ಹಸುರು ಛಾಯೆ ಪೂರ್ತಿ ಮಾಯವಾಗಿ ಹಳದಿ ಅಥವಾ ಕೆನೆಬಣ್ಣ ಬಂದಿದೆಯೇ ಎಂಬುದನ್ನು ನೋಡಬೇಕು. ಬಲಿತು ಕಿತ್ತ ಕಾಯಿ ಮನೆಯಲ್ಲಿಯೂ ಮೆತ್ತಗಾಗುತ್ತದೆ. ಕಾಯಿಯೇ ಹೊರಬಿಡುವ ಎಥಿಲೀನ್ ಅನಿಲ ಇದಕ್ಕೆ ಪ್ರೇರಕ. ಹುಲ್ಲಿನಲ್ಲಿ ಮಾವನ್ನು ಮುಚ್ಚಿಡುವಾಗ ನಮ್ಮ ಹಿರಿಯರು ಉಪಯೋಗಿಸಿಕೊಂಡುದು ಈ ಅನಿಲವನ್ನೇ. ಮಾಗದ ಪೀಚನ್ನು ಶೀತಕಪೆಟ್ಟಿಗೆಯಲ್ಲಿ ಇಡುವುದು ದೊಡ್ಡ ತಪ್ಪು. ಸುಮಾರು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹಲವು ದಿನವಿದ್ದ ಕಾಯಿಯಲ್ಲಿ, ಕೋಶಭಿತ್ತಿಯ ಪೆಕ್ಟಿನ್ನನ್ನು ಒಡೆಯುವ ಕಿಣ್ವಗಳ ಕೆಲಸ ಹದತಪ್ಪುತ್ತದೆ. ಅರೆಬರೆ ಒಡೆದ ಪೆಕ್ಟಿನ್ ರಸವನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ; ಹಣ್ಣು ಬಾಯಿಗೆ ಒಣಹತ್ತಿಯಂತಾಗುತ್ತದೆ.

ಮಾಗಿದ ಹಣ್ಣನ್ನು ಅರ್ಧ ನಿಮಿಷದಿಂದ ಒಂದು ನಿಮಿಷ ಕುದಿಯುವ ನೀರಿನಲ್ಲಿ ಮುಳುಗಿಸಿ ಒಡನೆಯೇ ತಣ್ಣೀರಿಗೆ ಹಾಕಿದರೆ, ಸಿಪ್ಪೆಯ ಕೆಳಗಿನ ಪದರ ಸಡಿಲವಾಗಿ ಸಿಪ್ಪೆ ಬೆರಳಿಗೇ ಕಳಚಿಬರುತ್ತದೆ. ಹೆಚ್ಚಿದ ಹೋಳು ಕಂದುವುದು ಬದನೆಕಾಯಿ, ಬಾಳೆಕಾಯಿಗಳು ಕಂದುವ ಕ್ರಮದಲ್ಲಿಯೇ. ಗಾಯಗೊಂಡ ಕೋಶದ ಕಿಣ್ವವೊಂದು ಗಾಳಿಯ ಆಮ್ಲಜನಕದ ನೆರವಿನಿಂದ ಫೀನಾಲ್ ವಸ್ತುಗಳನ್ನು ಕಂದುಬಣ್ಣಕ್ಕೆ ತಿರುಗಿಸುತ್ತದೆ. ನಮ್ಮ ಮನೆಗಳಲ್ಲಿ ಹೋಳನ್ನು ನೀರಿಗೆ ಹಾಕುತ್ತಾರೆ. ಅದರಿಂದ ಗಾಳಿ ತಪ್ಪುತ್ತದೆ. ಪೀಚಿಗೆ ನಿಂಬೆರಸ ಮೇಲು: ಅದರ ಹುಳಿ ಕಿಣ್ವವನ್ನು ತಗ್ಗಿಸುತ್ತದೆ, ಅದರ ಸಿ ಜೀವಸತ್ವ ಕಂದುವಿಕೆಯನ್ನು ತಡೆಯುತ್ತದೆ.

ಇನ್ನು ಪೈ. ಪೀಚಿನಲ್ಲಿ ನೂರಕ್ಕೆ ಸುಮಾರು 88 ಪಾಲು ನೀರು. ಹೊಸದಾಗಿ ಮಾಡುವವರ ಪೈ ಸಾರಿನಂತಾಗುವುದು ಇದರಿಂದಲೇ. ಒಂದು ಕಿಲೋಗ್ರಾಂ ಹೋಳಿಗೆ 150 ಗ್ರಾಂ ಸಕ್ಕರೆ ಬೆರೆಸಿ ಅರ್ಧ ಗಂಟೆ ಬಿಡಿರಿ. ಪರಾಸರಣದಿಂದ ರಸ ಹೊರಬೀಳುತ್ತದೆ. ಆ ರಸವನ್ನು ಬಸಿದು, ಕುದಿಸಿ ಬತ್ತಿಸಿ, ಆರಿದ ಮೇಲೆ 30 ಗ್ರಾಂ ಜೋಳದ ಪಿಷ್ಟದೊಡನೆ (ಅಂಗಡಿಯವರು ಕಾರ್ನ್‌ಫ್ಲೋರ್ ಎನ್ನುತ್ತಾರೆ) ಮತ್ತೆ ಹೋಳಿಗೆ ಸೇರಿಸಬೇಕು. ಹಿಟ್ಟಿನ ಹೊದಿಕೆ ಹೊಂಬಣ್ಣಕ್ಕೆ ಬಂದರೆ ಸಾಲದು. ನಡುವಿನ ರಸ ಗುಳ್ಳೆಯೆದ್ದು ಕುದಿಯಬೇಕು, ಏಕೆಂದರೆ ಪಿಷ್ಟದ ಕಣಗಳು ಪೂರ್ತಿ ಉಬ್ಬಿ ರಸವನ್ನು ಹಿಡಿಯುವುದು ಆಗಲೇ. ಗಟ್ಟಿಯಾಗುವುದಂತೂ ಆರಿದ ಮೇಲೆ. ಬಿಸಿಯಾಗಿಯೇ ಕತ್ತರಿಸುವ ಆತುರಗಾರರಿಗೆ ವಿಜ್ಞಾನದಲ್ಲಿ ಪರಿಹಾರವಿಲ್ಲ.

ಜ್ಯಾಮಿಗೆ ಪೆಕ್ಟಿನ್, ಹುಳಿ, ಸಕ್ಕರೆ ಮೂರೂ ಹದವಾಗಿರಬೇಕು. ಪೀಚಿನಲ್ಲಿ ಪೆಕ್ಟಿನ್ ಕಡಮೆ. ಆದುದರಿಂದ ನಿಂಬೆರಸವನ್ನೂ, ಕೆಲವರು ಮಾರಾಟದ ಪೆಕ್ಟಿನ್ ಪುಡಿಯನ್ನೂ ಸೇರಿಸುತ್ತಾರೆ. ಪಾಕ ಕುದಿದು ಸಕ್ಕರೆ ನೂರಕ್ಕೆ 65ರಷ್ಟಾದಾಗ ಹದ ಬರುತ್ತದೆ. ಸಮುದ್ರಮಟ್ಟದಲ್ಲಿ ಆಗ ಉಷ್ಣತೆ ಸುಮಾರು 105 ಡಿಗ್ರಿ ಎಂದು ಪುಸ್ತಕಗಳು ಹೇಳುತ್ತವೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮೇಲಿದೆ. ಇಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಯಲ್ಲಿ. ಇಲ್ಲಿಯೂ 105ಕ್ಕೆ ಕಾದರೆ ಜ್ಯಾಮ್ ಅಂಟುಗಲ್ಲಾದೀತು. ನೀರು ಕುದಿಯುವ ಉಷ್ಣತೆಯನ್ನು ಮೊದಲು ಅಳೆದು, ಅದರ ಮೇಲೆ ನಾಲ್ಕೈದು ಡಿಗ್ರಿ ಎಣಿಸಿಕೊಳ್ಳುವುದು ಸರಿಯಾದ ಕ್ರಮ.

ಈಗ ಜಾಡಿಗೆ ಬರೋಣ. ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಸೂಕ್ಷ್ಮಜೀವಿ ಉಂಟು. ಅದರ ಬೀಜಕಣಗಳು ಕುದಿಯುವ ನೀರಿಗೆ ಜಗ್ಗುವುದಿಲ್ಲ; ಅವನ್ನು ಕೊಲ್ಲಲು ಒತ್ತಡದ ಆವಿಯಲ್ಲಿ 116ರಿಂದ 121 ಡಿಗ್ರಿಯ ಶಾಖ ಬೇಕು. ಆಮ್ಲಜನಕವಿಲ್ಲದ ಸ್ಥಳವೇ ಅದಕ್ಕೆ ಹಿತ. ಬಿಸಿಯಾಗಿ ಬಿಗಿದ ಜಾಡಿಗಿಂತ ಅಂತಹ ಸ್ಥಳ ಇನ್ನಾವುದು? ಅಲ್ಲಿ ಮೊಳೆತು ಅದು ಸ್ರವಿಸುವ ವಿಷ ನರಗಳನ್ನು ಕಟ್ಟಿಹಾಕಿ ಉಸಿರಾಟವನ್ನೇ ನಿಲ್ಲಿಸಬಲ್ಲುದು. ಇಂತಹ ಆಹಾರದ ವಾಸನೆಯಲ್ಲಿಯೂ ನೋಟದಲ್ಲಿಯೂ ಯಾವ ಕೆಡುಕೂ ತೋರದಿರಬಹುದು.

ಹಾಗಾದರೆ ಹಳದಿ ಪೀಚಿನ ಜಾಡಿಯನ್ನು ಕಾಯುವುದು ಯಾವುದು? ಅದರ ಹುಳಿ. ಆಮ್ಲತೆಯನ್ನು ಪಿಎಚ್ ಎಂಬ ಮಾನದಿಂದ ಅಳೆಯುತ್ತಾರೆ. ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು. ಪಿಎಚ್ 4.6ಕ್ಕೆ ಇಳಿದ ಆಹಾರದಲ್ಲಿ ಈ ಬೀಜಕಣಗಳು ಬದುಕಿದ್ದರೂ ಮೊಳೆಯಲಾರವು. ಹಳದಿ ಪೀಚಿನ ಪಿಎಚ್ ಸಾಮಾನ್ಯವಾಗಿ 4ರ ಆಸುಪಾಸಿನಲ್ಲಿಯೋ ಅದಕ್ಕಿಂತ ಕೆಳಗೋ ಇರುತ್ತದೆ. ಬಿಳಿ ಪೀಚಿನ ಕೆಲವು ತಳಿಗಳಲ್ಲಿ ಅದು 4.6ನ್ನು ದಾಟುತ್ತದೆ. ಅಂತರ ಅತ್ಯಲ್ಪವೆಂದು ಭಾವಿಸಬೇಡಿರಿ: ಇದು ಲಾಗರಿತಮ್ ಮಾನ, 3.6ಕ್ಕೂ 4.6ಕ್ಕೂ ಹೈಡ್ರೊಜನ್ ಅಯಾನುಗಳ ಸಾಂದ್ರತೆಯಲ್ಲಿ ಹತ್ತರಷ್ಟು ವ್ಯತ್ಯಾಸ. ನಾಲಗೆಯನ್ನೂ ನಂಬುವಂತಿಲ್ಲ, ಸಕ್ಕರೆ ಹುಳಿಯನ್ನು ಮರೆಮಾಡುತ್ತದೆ.

ಹಳದಿ ಹಣ್ಣಿಗೂ ಸಮಯದ ನಿಯಮವುಂಟು. ಬಿಸಿ ಹೋಳನ್ನು ತುಂಬಿದ ಅರ್ಧ ಲೀಟರಿನಷ್ಟರ ಜಾಡಿ ಸಮುದ್ರಮಟ್ಟದಲ್ಲಿ 20 ನಿಮಿಷ ಕುದಿಯುವ ನೀರಿನಲ್ಲಿ ಮುಳುಗಿರಬೇಕು. ಬೆಂಗಳೂರಿನಷ್ಟು ಎತ್ತರದಲ್ಲಿ 30 ನಿಮಿಷ.

ಬಿಳಿ ಪೀಚಿಗೆ ನಿಂಬೆರಸ ಹಿಂಡಿದರೆ ಆಗದೇ, ಕುಕ್ಕರಿನಲ್ಲಿ ನಾಲ್ಕು ಕೂಗು ಕೂಗಿಸಿದರೆ ಸಾಲದೇ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಆದರೆ ಎಷ್ಟು ರಸ, ಎಷ್ಟು ಹೊತ್ತು ಎಂಬುದನ್ನು ಪ್ರಯೋಗಗಳಿಂದ ನಿಶ್ಚಯಿಸಿದ ವಿಧಾನ ಬಿಳಿ ಪೀಚಿಗೆ ಇನ್ನೂ ದೊರೆತಿಲ್ಲವೆಂದು ತಜ್ಞರು ಹೇಳುತ್ತಾರೆ. ಅಂದಾಜಿನ ಮೇಲೆ ಜಾಡಿ ಮುಚ್ಚುವುದು ತರವಲ್ಲ. ಆದುದರಿಂದ ಬಿಳಿ ಹಣ್ಣನ್ನು ಸಿಪ್ಪೆ ತೆಗೆದು, ಹೋಳುಮಾಡಿ, ಸಕ್ಕರೆ ಮತ್ತು ನಿಂಬೆರಸ ಸವರಿ, ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಹೆಪ್ಪುಗಟ್ಟಿಸಿ ಇಡುತ್ತಾರೆ. ಇಲ್ಲವೇ ಅದೇ ದಿನ ಪೈಗೆ ಹಾಕಿ ಮುಗಿಸುತ್ತಾರೆ.